ಇನ್ನೂ ಕೂತಿರು

ಜನವರಿ ೧೨

ಅಕ್ಕಾ,

ಫೋನಿನಲ್ಲಿ ನಾನು ಅರ್ಧ ಗಂಟೆ ಮಾತಾಡಿದರೆ ನೀನು ನಾಲ್ಕು ಸಲ ‘ಹೂಂ’ ಅಂದು ಇಟ್ಟುಬಿಡುತ್ತೀಯ. ಆಮೇಲೆ ಅಕ್ಕ ಏನು ಹೇಳಿದಳು ಅಂತ ಯೋಚಿಸಿದರೆ ಕೈಗೆ ಏನೂ ಸಿಗುವುದಿಲ್ಲ. ಅದಕ್ಕೇ ಈ ಕಾಗದ. ಕಾಗದದಲ್ಲಾದರೆ ನಿನಗೆ ಬಾಯಿ ಬರುತ್ತದೆ, ನನಗೆ ಮಧ್ಯೆ ಉಸಿರು ಬಿಡಲು ಜಾಗ ಸಿಗುತ್ತದೆ. ಅಮ್ಮ ನನ್ನನ್ನು ಗಿಣಿ ಅಂತಲೂ ನಿನ್ನನ್ನು ಬೀಗ ಅಂತಲೂ ಕರೆದದ್ದು ಸುಮ್ಮನೆ ಅಲ್ಲ.

ಮೊದಲು ಸುದ್ದಿ. ನಿನ್ನ ‘ಮೂರನೇ ಮಹಡಿ’ ಕಥೆಯನ್ನು ನಮ್ಮ ಆಫೀಸಿನವರು ತೆಗೆದುಕೊಂಡರು. ನಮ್ಮ ಭಾಷೆಯಲ್ಲಷ್ಟೇ ಅಲ್ಲ, ಏಳು ಭಾಷೆಗಳಲ್ಲಿ ತರುತ್ತಾರೆ. ಮೇಡಂ ನನ್ನನ್ನು ಕರೆದು, ಅನುವಾದದ ಪೂರ್ತಿ ಹೊಣೆ ಈ ಸಲ ನಿನ್ನದು, ಜೂನ್ ಕೊನೆಗೆ ಏಳೂ ಒಂದೇ ದಿನ ಹೊರಗೆ ಬರಬೇಕು ಅಂದರು. ಇಷ್ಟು ದಿನ ಬೇರೆಯವರ ಬೆನ್ನ ಹಿಂದೆ ಕೂತು ಕಲಿತೆ. ಈಗ ನನ್ನದೇ ಅಂತ ಒಂದು ಕೆಲಸ ಬಂತು, ಅದೂ ನಿನ್ನ ಕಥೆ. ಮಾಡುತ್ತೇನೆ ಅಂದೆ. ಮಾಡಿ ತೋರಿಸುತ್ತೇನೆ.

ಭಾವನಿಗೆ ನನ್ನ ಕೆಲಸ ಏನು ಅಂತ ಇನ್ನೂ ಅರ್ಥವಾಗಿಲ್ಲವಂತೆ. ಹೀಗೆ ಹೇಳು. ನಮ್ಮದು ಫೋನಿನಲ್ಲಿ ಓದುವ ಕಥೆ. ಓದುತ್ತಾ ಓದುತ್ತಾ ಕಥೆ ನಿಂತು, ಈಗ ಏನು ಮಾಡುತ್ತೀಯ ಅಂತ ಓದುವವರನ್ನೇ ಕೇಳುತ್ತದೆ. ಕೆಳಗೆ ಎರಡೋ ಮೂರೋ ಬಟನ್ ಇರುತ್ತವೆ. ಯಾವುದನ್ನು ಒತ್ತಿದರೆ ಆ ದಾರಿ. ನನಗೆ ಊಟ ಮಾಡಿಸುವಾಗ ನೀನು ಹೇಳುತ್ತಿದ್ದ ಕಥೆಗಳ ಹಾಗೇ. ಹುಲಿ ಬಂತು, ಮರ ಹತ್ತುತ್ತೀಯೋ ಹೊಳೆಗೆ ಹಾರುತ್ತೀಯೋ ಅಂತ ನೀನು ಕೇಳಿದರೆ ನಾನು ಹುಲಿಯ ಹತ್ತಿರ ಮಾತಾಡುತ್ತೇನೆ ಅನ್ನುತ್ತಿದ್ದೆ. ನೀನು ರೇಗದೆ ಅದಕ್ಕೂ ಒಂದು ದಾರಿ ಮಾಡಿಕೊಡುತ್ತಿದ್ದೆ.

ಇಲ್ಲಿ ನನ್ನ ಕೈಗೆ ಬಂದ ಕಥೆಯನ್ನು ನಾನು ಸಾಲು ಸಾಲಾಗಿ ಬಿಡಿಸಿ ಕಂಪ್ಯೂಟರಿನ ಶೀಟಿನಲ್ಲಿ ಇಡುತ್ತೇನೆ. ಪ್ರತಿ ಸಾಲಿಗೂ ಒಂದು ನಂಬರ್. ಪಕ್ಕದಲ್ಲಿ ಭಾಷೆಗೊಂದು ಕಾಲಂ. ಕಥೆಯ ಮಾತುಗಳಿಗೆ ಒಂದು ಶೀಟು, ಬಟನ್ ಮೇಲಿನ ಮಾತುಗಳಿಗೆ ಬೇರೆ ಶೀಟು. ಅನುವಾದ ಮಾಡುವವರು ಬೇರೆ ಬೇರೆ ಊರುಗಳಲ್ಲಿದ್ದಾರೆ. ಕಡಲ ಕಡೆಯ ಭಾಷೆಗೆ ಒಬ್ಬ ಬಸ್ ಕಂಡಕ್ಟರ್, ಬೆಟ್ಟದ ಭಾಷೆಗೆ ಒಬ್ಬ ನರ್ಸಮ್ಮ, ಹೀಗೆ. ಅವರು ತಮ್ಮ ಕಾಲಂ ತುಂಬಿಸಿ ಕಳಿಸಿದ ಮೇಲೆ ನಮ್ಮ ಹುಡುಗ ಎಲ್ಲವನ್ನೂ ಮತ್ತೆ ಜೋಡಿಸುತ್ತಾನೆ. ಅವನನ್ನು ಎಲ್ಲರೂ ಸ್ಕ್ರೂ ಅಂತ ಕರೆಯುತ್ತಾರೆ. ಬಿಗಿ ಮಾಡುವುದೇ ಅವನ ಕೆಲಸ, ಸಡಿಲ ಇರುವುದು ಅವನ ತಲೆಯಲ್ಲಿ ಮಾತ್ರ.

ನಿನ್ನ ಕಥೆಯನ್ನು ಮೊದಲು ನೂರು ಜನರಿಗೆ ಕೊಟ್ಟು ನೋಡಿದೆವು. ಇಸ್ತ್ರಿ ಬಟ್ಟೆ ಕೊಡಲು ಬಂದವಳು ಮೂರನೇ ಮಹಡಿಯ ಬಾಗಿಲಲ್ಲಿ ನಿಲ್ಲುತ್ತಾಳಲ್ಲ, ಒಳಗೆ ಗಂಡ ಹೆಂಡತಿ ಜಗಳ ಕೇಳುತ್ತದಲ್ಲ, ಅಲ್ಲಿ ಎಲ್ಲರೂ ಕಥೆಗೆ ಅಂಟಿಕೊಂಡರು. ‘ಬಾಗಿಲು ತಟ್ಟು’ ಅಂತ ಒತ್ತಿದವರೇ ಹೆಚ್ಚು. ಕೆಲವರು ‘ಬಟ್ಟೆ ಇಟ್ಟು ಹೋಗು’ ಅಂತ ಒತ್ತಿದರು. ‘ಮೆಟ್ಟಿಲ ಮೇಲೆ ಕೂತಿರು’ ಅಂತ ಒತ್ತಿದವರು ಬೆರಳೆಣಿಕೆ.

ಈ ಕಥೆ ಎಲ್ಲಿಂದ ಬಂತು ಅಂತ ನಾನು ಕೇಳುವುದಿಲ್ಲ. ನೀನೂ ಹೇಳಬೇಡ.

ತಲೆ ಮೇಲೆ ಏಳು ಭಾಷೆ ಹೊತ್ತು ನೆಟ್ಟಗೆ ನಡೆಯುತ್ತಿರುವ,
ಗಿಣಿ


ಜನವರಿ ೨೯

ಗಿಣಿ,

ಕಾಗದ ಬಂತು. ನಿನ್ನ ಭಾವ ಅದನ್ನು ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳಿದರು. ನನ್ನ ಹೆಂಡತಿ ಏಳು ಭಾಷೆಯಲ್ಲಿ ಬರುತ್ತಾಳೆ ಅನ್ನುತ್ತಾರೆ. ಎದುರುಮನೆಯ ಮಾಸ್ತರು, ಹಾಗಾದರೆ ನನ್ನ ಪ್ಯಾಂಟು ಯಾವ ಭಾಷೆಯಲ್ಲಿದೆ, ಸೋಮವಾರ ಕೊಡಬೇಕಿತ್ತು ಅಂದರು. ಆ ದಿನವೇ ಕೊಟ್ಟೆ.

ಇಸ್ತ್ರಿ ಪೆಟ್ಟಿಗೆ ಬದಲಿಸಿದ್ದೇವೆ. ಹೊಸದು ಹಗುರ. ಹಗುರವಾದದ್ದಕ್ಕೆ ಕೈ ಒಗ್ಗುತ್ತಿಲ್ಲ, ಎರಡು ಸಲ ಒತ್ತಬೇಕಾಗುತ್ತದೆ.

ಒಂದು ಮಾತು. ತಟ್ಟುವ ದಾರಿಯನ್ನು ನಾನು ಎರಡು ದಿನದಲ್ಲಿ ಬರೆದೆ. ಬಟ್ಟೆ ಇಟ್ಟು ಹೋಗುವುದಕ್ಕೆ ಒಂದು ಮಧ್ಯಾಹ್ನ ಸಾಕಾಯಿತು. ಕೂರುವ ದಾರಿಗೆ ಮಳೆಗಾಲ ಪೂರ್ತಿ ಹಿಡಿಯಿತು. ಅದನ್ನು ಅನುವಾದ ಮಾಡುವವರಿಗೆ ಅವಸರ ಮಾಡಬೇಡಿ ಅಂತ ಹೇಳು. ಅಲ್ಲಿಗೆ ಹೋಗುವವರು ಬೆರಳೆಣಿಕೆಯಾದರೂ ಪರವಾಗಿಲ್ಲ.

ಆ ದಾರಿ ನೀನು ಓದಿದೆಯಾ?

ಹೊಟ್ಟೆಗೆ ಸರಿಯಾಗಿ ತಿನ್ನು. ಮಾತು ತಿಂದರೆ ಹೊಟ್ಟೆ ತುಂಬುವುದಿಲ್ಲ.

ಇಷ್ಟು ಬರೆದದ್ದೇ ಹೆಚ್ಚಾಯಿತು ಅಂದುಕೊಳ್ಳುವ,
ನಿನ್ನ ಅಕ್ಕ


ಮಾರ್ಚ್ ೩

ಅಕ್ಕಾ,

ಕೈ ಕೊಡು. ಏಳು ಕಾಲಂಗಳೂ ತುಂಬಿದವು. ಮೇಡಂ ಎಲ್ಲರ ಮುಂದೆ, ಕೆಲಸ ಅಂದರೆ ಹೀಗೆ ಮುಗಿಸಬೇಕು ಅಂದರು. ಸ್ಕ್ರೂ ಕೂಡ ಎದ್ದು ನಿಂತು ಚಪ್ಪಾಳೆ ತಟ್ಟಿದ. ಅವನು ಕುರ್ಚಿ ಬಿಟ್ಟು ಎದ್ದದ್ದನ್ನು ನಾವು ಯಾರೂ ನೋಡಿರಲಿಲ್ಲ.

ನಮ್ಮ ಆಫೀಸು ಸೈಕಲ್ ರಿಪೇರಿ ಅಂಗಡಿಯ ಮೇಲಿದೆ ಅಂತ ಹೇಳಿದ್ದೆನಲ್ಲ. ಕೆಳಗೆ ಟ್ಯೂಬಿಗೆ ಗಾಳಿ ಹೊಡೆಯುವ ಸದ್ದು, ಮೇಲೆ ನಾನು ಫೋನಿನಲ್ಲಿ ಊರೂರಿಗೆ ಕೂಗುವ ಸದ್ದು. ಅಂಗಡಿಯವನು ಒಂದು ದಿನ ಮೆಟ್ಟಿಲು ಹತ್ತಿ ಬಂದು, ಯಾರಿಗಾದರೂ ಹುಷಾರಿಲ್ಲವಾ ಅಂತ ವಿಚಾರಿಸಿಕೊಂಡು ಹೋದ.

ಐದು ಭಾಷೆ ಫೆಬ್ರವರಿಯಲ್ಲೇ ಬಂದವು. ಕಂಡಕ್ಟರದ್ದು, ನರ್ಸಮ್ಮನದ್ದು ಹಿಂದೆ ಬಿದ್ದಿದ್ದವು. ಅವನಿಗೆ ಡ್ಯೂಟಿ ಬದಲಾಗಿತ್ತು, ಅವಳ ಆಸ್ಪತ್ರೆಯಲ್ಲಿ ಜನ ಸಾಲದೆ ಎರಡು ಪಾಳಿ. ಅಷ್ಟರಲ್ಲಿ ಕಂಡಕ್ಟರ್ ಫೋನ್ ಮಾಡಿ, “ಮೇಡಂ, ನಿಮ್ಮ ಕಡೆ ಏನೋ ಎಡವಟ್ಟಾಗಿದೆ. ಒಂದೇ ಮಾತು ಆರಾರು ಸಲ ಬಂದಿದೆ” ಅಂದ. ಬಟನ್ ಶೀಟು ತೆಗೆದು ನೋಡಿದೆ. ನಿಜ. ‘ಇನ್ನೂ ಕೂತಿರು’, ‘ಬಾಗಿಲು ತಟ್ಟು’, ‘ಇನ್ನೂ ಕೂತಿರು’, ‘ಬಾಗಿಲು ತಟ್ಟು’. ಉದ್ದಕ್ಕೆ ಅದೇ. ಫೋನಿನಲ್ಲಿ ಟೈಪ್ ಮಾಡುವಾಗ ನಿನ್ನ ಹೆಬ್ಬೆರಳು ಜಾರಿರಬೇಕು ಅಂದುಕೊಂಡು ನಕ್ಕೆ.

ಆಗ ನನಗೆ ಒಂದು ದಾರಿ ಹೊಳೆಯಿತು. ಕೂರುವ ದಾರಿಗೆ ಹೋಗುವವರೇ ಇಲ್ಲ, ಸಾಲುಗಳು ಮಾತ್ರ ಎಲ್ಲಕ್ಕಿಂತ ಹೆಚ್ಚು. ಆ ಎರಡು ಭಾಷೆಗಳಲ್ಲಿ ಅಷ್ಟನ್ನೂ ತೆಗೆದು, ‘ಕೂತಿರು’ ಅಂತ ಒತ್ತಿದವರಿಗೆ ನಾನೇ ಎರಡು ಸಾಲು ಬರೆದೆ: ‘ಸ್ವಲ್ಪ ಹೊತ್ತು ಕೂತೆ. ಆಮೇಲೆ ಎದ್ದು ಬಾಗಿಲು ತಟ್ಟಿದೆ.’ ಅಲ್ಲಿಂದ ಮುಂದಕ್ಕೆ ತಟ್ಟುವ ದಾರಿ ಇದ್ದೇ ಇದೆಯಲ್ಲ, ಸ್ಕ್ರೂ ಎರಡನ್ನೂ ಸೇರಿಸಿದ. ಎಲ್ಲಿ ಸೇರಿಸಿದ್ದು ಅಂತ ಹುಡುಕಿದರೂ ಗೊತ್ತಾಗುವುದಿಲ್ಲ. ಇಷ್ಟು ವರ್ಷ ಬೇರೆಯವರ ಮಾತು ಹೊತ್ತವಳು ಮೊದಲ ಸಲ ನನ್ನ ಎರಡು ಸಾಲು ಬರೆದೆ, ಅದೂ ನಿನ್ನ ಕಥೆಯೊಳಗೆ.

ಹೇಗಿದೆ ಹೇಳು.

ಇವತ್ತು ಯಾರ ಮಾತನ್ನೂ ಕೇಳದಷ್ಟು ಖುಷಿಯಲ್ಲಿರುವ,
ಗಿಣಿ


ಏಪ್ರಿಲ್ ೨

ಅಕ್ಕಾ,

ಒಂದು ತಿಂಗಳಾಯಿತು. ಕಾಗದ ಇಲ್ಲ. ಫೋನ್ ಮಾಡಿದರೆ ಭಾವ ಎತ್ತುತ್ತಾರೆ. ಅಕ್ಕ ಇಸ್ತ್ರಿ ಮಾಡುತ್ತಿದ್ದಾಳೆ ಅನ್ನುತ್ತಾರೆ. ಮೊನ್ನೆ ಅಂಗಡಿಗೆ ರಜೆ ಇದ್ದ ದಿನವೂ ಅದನ್ನೇ ಅಂದರು. ಯಾರ ಬಟ್ಟೆ ಭಾವ ಅಂತ ಕೇಳಿದ್ದಕ್ಕೆ, ತಡಬಡಾಯಿಸಿ, “ನಂದೇ ಕಣಮ್ಮ, ನಂಗೇನು ಬಟ್ಟೆ ಇಲ್ವಾ” ಅಂದರು. ಸುಳ್ಳು ಹೇಳಲು ಬಾರದವರ ಕೈಯಲ್ಲಿ ಯಾಕೆ ಹೇಳಿಸುತ್ತೀಯ.

ನಿನಗೆ ಹುಷಾರಿದೆ ಅಂತ ಅವರಿಂದ ತಿಳಿಯಿತು. ಹಾಗಾದರೆ ಸಿಟ್ಟು. ಸಿಟ್ಟು ಅಂತಾದರೂ ಬರೆ. ನಾನು ಒಳ್ಳೆಯ ಕೆಲಸ ಮಾಡಿದೆ ಅಂತ ನನಗೆ ಗೊತ್ತು. ನಿನ್ನ ಬಾಯಿಂದ ಕೇಳಬೇಕು ಅಷ್ಟೆ.

ಟಪಾಲಿನವನನ್ನು ಕಂಡರೆ ಮೆಟ್ಟಿಲಿಳಿದು ಹೋಗುವ,
ಗಿಣಿ


ಏಪ್ರಿಲ್ ೧೪

ಗಿಣಿ,

ನೀನು ಬರೆದ ಎರಡು ಸಾಲು ಚೆನ್ನಾಗಿವೆ. ಆದರೆ ಅವು ನನ್ನ ಕಥೆಯಲ್ಲಿ ಇರಬಾರದು.

ನನ್ನ ಬೆರಳು ಜಾರಿಲ್ಲ. ಆರು ಸಲ ಅಂತ ಲೆಕ್ಕ ಹಾಕಿಯೇ ಬರೆದೆ. ಕೂತಿರು ಅಂತ ಒತ್ತಿದವರನ್ನು ನೀನು ಎಬ್ಬಿಸಿ ತಟ್ಟಿಸಿದ್ದೀಯ. ಹಾಗಾದರೆ ಅವರನ್ನು ಕೇಳಿದ್ದಾದರೂ ಯಾಕೆ? ಗಿರಾಕಿ ಬಿಳಿ ಅಂಗಿ ಕೊಟ್ಟರೆ ನಾನು ನೀಲಿ ಅಂಗಿ ಮಡಿಸಿ ಕೊಟ್ಟು, ಇದು ಬೇಗ ಆಯಿತು ತೆಗೆದುಕೋ ಅನ್ನುವುದಿಲ್ಲ.

ಹೊರಗೆ ಬರುವ ತನಕ ಕಥೆ ನನ್ನದು, ಯಾವಾಗ ಬೇಕಾದರೂ ವಾಪಸ್ ಕೇಳಬಹುದು ಅಂತ ಒಪ್ಪಂದ ಓದಿ ಹೇಳಿದವಳು ನೀನೇ. ವಾಪಸ್ ಕೊಡು. ಏಳೂ ಭಾಷೆಯಿಂದ.

ಮೇಡಂಗೆ ನಾನೇ ಬರೆಯಬಹುದಿತ್ತು. ಮೊದಲು ನಿನಗೆ ಹೇಳಬೇಕು ಅನಿಸಿತು.

ಅಕ್ಕ


ಏಪ್ರಿಲ್ ೨೦

ಅಕ್ಕಾ,

ನಿನ್ನ ಕಾಗದ ಓದಿ ಒಂದು ವಾರ ಕಾಯಬೇಕು ಅಂದುಕೊಂಡೆ. ಆಗುತ್ತಿಲ್ಲ. ನಾನು ನೀನಲ್ಲ, ನನಗೆ ಕೂತಿರಲು ಬರುವುದಿಲ್ಲ.

ನೀನು ಕಥೆ ವಾಪಸ್ ತೆಗೆದುಕೊಂಡರೆ ನನ್ನ ಕೆಲಸ ಹೋಗುತ್ತದೆ ಅಂತ ಹೆದರಿಸುವುದಿಲ್ಲ. ಹೋಗಲಿಕ್ಕಿಲ್ಲ. ಆದರೆ ಇನ್ನು ಮುಂದೆ ಯಾರೂ ನನ್ನ ಕೈಗೆ ಒಂದು ಕಥೆ ಪೂರ್ತಿಯಾಗಿ ಕೊಡುವುದಿಲ್ಲ. ಸ್ವಂತ ಅಕ್ಕನೇ ಇವಳ ಕೈಯಿಂದ ಕಿತ್ತುಕೊಂಡಳು ಅಂದಮೇಲೆ ಬೇರೆಯವರು ಯಾಕೆ ಕೊಟ್ಟಾರು? ಏಳು ಊರಿನ ಏಳು ಜನ ತಿಂಗಳುಗಟ್ಟಲೆ ಮಾಡಿದ ಕೆಲಸ ಶೀಟಿನಲ್ಲೇ ಉಳಿಯುತ್ತದೆ. ಅದನ್ನು ಯೋಚಿಸಿದೆಯಾ?

ಹೇಳಬೇಡ ಅಂದದ್ದನ್ನು ಈಗ ನಾನೇ ಹೇಳುತ್ತೇನೆ. ನಾನು ಗಂಡನ ಜೊತೆ ಇದ್ದ ಮನೆಯೂ ಮೂರನೇ ಮಹಡಿಯಲ್ಲಿತ್ತು. ನೀನು ನಮ್ಮ ಹೊದಿಕೆಗಳನ್ನು ಇಸ್ತ್ರಿ ಮಾಡಿ ತಂದುಕೊಡುತ್ತಿದ್ದೆ. ಆ ದಿನ ಒಳಗೆ ಅವನು ಕೂಗುತ್ತಿದ್ದ, ನಾನೂ ಕೂಗುತ್ತಿದ್ದೆ. ನೀನು ಬಂದದ್ದು ನನಗೆ ಗೊತ್ತಿಲ್ಲ ಅಂದುಕೊಂಡಿದ್ದೀಯ. ನಾನು ಆಗ ನೆಲದ ಮೇಲೆ ಬಿದ್ದಿದ್ದೆ. ಬಾಗಿಲ ಕೆಳಗಿನ ಸಂದಿಯಲ್ಲಿ ನಿನ್ನ ಚಪ್ಪಲಿ ಕಂಡಿತು, ಎಡಗಾಲಿನ ಪಟ್ಟಿಗೆ ಕಪ್ಪು ದಾರ ಹಾಕಿ ಹೊಲಿದದ್ದು. ಈಗ ತಟ್ಟುತ್ತಾಳೆ, ಈಗ ತಟ್ಟುತ್ತಾಳೆ ಅಂತ ಕಾದೆ. ಆಮೇಲೆ ಚಪ್ಪಲಿ ಅಲ್ಲಿಂದ ಸರಿಯಿತು. ಸಂಜೆ ಬಾಗಿಲು ತೆರೆದರೆ ಮಡಿಸಿದ ಹೊದಿಕೆಗಳು ಮೇಲಿನ ಮೆಟ್ಟಿಲ ಮೇಲಿದ್ದವು. ಅವನನ್ನು ಬಿಟ್ಟು ನಾನು ಹೊರಗೆ ಬರಲು ಇನ್ನೂ ಒಂದು ತಿಂಗಳು ಬೇಕಾಯಿತು. ಬಂದದ್ದು ನಿನ್ನ ಮನೆಗೇ. ನೀನು ಏನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ನಡುವೆ ಅದು ಹಾಗೇ ಉಳಿಯಿತು.

ಅವತ್ತು ನೀನು ತಟ್ಟಲಿಲ್ಲ. ಎರಡು ಭಾಷೆಯಲ್ಲಾದರೂ ಅವಳು ತಟ್ಟಲಿ ಅಂತ ನನಗೆ ಅನಿಸಿರಬಹುದು. ಬರೆಯುವಾಗ ಹಾಗೆ ಅಂದುಕೊಂಡಿರಲಿಲ್ಲ. ಈಗ ಅನಿಸುತ್ತಿದೆ. ಅನಿಸಿದ್ದಕ್ಕೆ ನನಗೆ ಬೇಸರವೂ ಇಲ್ಲ.

ಗಿಣಿ


ಮೇ ೧

ಗಿಣಿ,

ಬೈದದ್ದು ಸರಿ. ಇಷ್ಟು ದಿನ ಬೈಯದೆ ಇದ್ದೆಯಲ್ಲ, ಅದೇ ನನಗೆ ಭಾರವಾಗಿತ್ತು.

ನಾನು ಉತ್ತರ ಬರೆಯುವುದಿಲ್ಲ. ಬರೆದಾಗಿದೆ, ನಿನ್ನ ಹತ್ತಿರವೇ ಇದೆ. ಜನವರಿಯಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ನೀನು ಅದಕ್ಕೆ ಉತ್ತರ ಕೊಡಲಿಲ್ಲ. ಅಲ್ಲೇ ಗೊತ್ತಾಯಿತು, ಓದಿಲ್ಲ ಅಂತ.

ಒಂದು ಕೆಲಸ ಮಾಡು. ಶೀಟಿನಲ್ಲಿ ಓದಬೇಡ. ಎಲ್ಲರ ಹಾಗೆ ಫೋನಿನಲ್ಲಿ ಹಾಕಿಕೊಂಡು ಓದು. ಕೂತಿರು ಅಂತ ಒತ್ತು. ಕೊನೆಯ ತನಕ ಹೋಗು. ಆಮೇಲೂ ಅವಳು ತಟ್ಟಬೇಕು ಅನಿಸಿದರೆ, ಎರಡಲ್ಲ, ಏಳೂ ಭಾಷೆಯಲ್ಲಿ ತಟ್ಟಿಸು. ನಾನು ಕಥೆ ವಾಪಸ್ ಕೇಳುವುದಿಲ್ಲ. ಇದು ನನ್ನ ಮಾತು.

ಅಕ್ಕ

ಗಿಣಿಮರಿ, ಇದು ನಿನ್ನ ಭಾವ ಬರೆಯುತ್ತಿರುವುದು. ನಿನ್ನ ಅಕ್ಕ ಮೂರು ದಿನದಲ್ಲಿ ಒಂದೇ ಅಂಗಿಗೆ ಮೂರು ಸಲ ಇಸ್ತ್ರಿ ಹಾಕಿದ್ದಾಳೆ. ಮಾಸ್ತರರ ಅಂಗಿ ಈಗ ನಿಲ್ಲಿಸಿದರೆ ತಾನೇ ನಿಲ್ಲುತ್ತದೆ. ಬೇಗ ಏನಾದರೂ ಬರೆ.


ಮೇ ೨೨

ಅಕ್ಕಾ,

ಓದಿದೆ.

ಭಾನುವಾರ ಬೆಳಿಗ್ಗೆ ಕಿಟಕಿ ಹತ್ತಿರ ಕೂತು ಶುರು ಮಾಡಿದೆ. ಸಾಲುಗಳೆಲ್ಲ ನನಗೆ ಗೊತ್ತಿದ್ದವೇ, ನಂಬರ್ ಸಮೇತ. ಬೇಗ ಮುಗಿಯುತ್ತದೆ ಅಂದುಕೊಂಡೆ. ಕೂತಿರು ಅಂತ ಒತ್ತಿದೆ. ಅವಳು ಕೂತು ಅಂಗಿಯ ಗುಂಡಿ ಎಣಿಸಿದಳು. ತಟ್ಟುತ್ತೀಯಾ, ಇನ್ನೂ ಕೂತಿರುತ್ತೀಯಾ? ಕೂತಿರು. ತರಕಾರಿ ಚೀಲ ಹಿಡಿದ ಮುದುಕ ಮೇಲೆ ಬಂದು, ಯಾರು ಬೇಕಿತ್ತಮ್ಮ ಅಂತ ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಚಿಲಕ ಹಾಕಿಕೊಂಡ. ಕೂತಿರು. ಒಳಗೆ ಪಾತ್ರೆ ಬಿತ್ತು. ಕೂತಿರು. ಆಮೇಲೆ ಬಂದದ್ದು ಒಂದೇ ಸಾಲು, ‘ಒಳಗೆ ಈಗ ಸದ್ದಿಲ್ಲ.’ ಅದರ ಕೆಳಗೆ ಅದೇ ಎರಡು ಬಟನ್.

ಅಲ್ಲಿ ನನ್ನಿಂದ ಆಗಲಿಲ್ಲ ಅಕ್ಕಾ. ತಟ್ಟಿಬಿಟ್ಟೆ.

ಬಾಗಿಲು ತೆರೆಯಿತು. ಒಳಗಿದ್ದವಳು ಮುಖ ತೊಳೆದುಕೊಂಡು ನಗುತ್ತಾ ನಿಂತಿದ್ದಳು. ಟೀ ಕುಡಿದು ಹೋಗು ಅಂದಳು. ಹಿಂದಿನಿಂದ ಗಂಡನೂ ಬಂದು, ಬಿಸಿಲಲ್ಲಿ ಬಂದಿದ್ದೀಯ ಕೂತ್ಕೋ ಅಂತ ಕುರ್ಚಿ ಎಳೆದ. ಟೀ ಆಯಿತು. ಇವಳು ಖಾಲಿ ಚೀಲ ಹಿಡಿದು ಎರಡನೇ ಮಹಡಿಗೆ ಇಳಿಯುವಷ್ಟರಲ್ಲಿ ಮೇಲೆ ಮತ್ತೆ ಶುರುವಾಯಿತು. ಹಿಂದಕ್ಕೆ ಬಂದು ಮೊದಲ ಸಲ ತಟ್ಟಿ ನೋಡಿದೆ, ಮೂರನೇ ಸಲ ತಟ್ಟಿ ನೋಡಿದೆ. ಯಾವಾಗ ತಟ್ಟಿದರೂ ಅದೇ ನಗು, ಅದೇ ಟೀ. ಆ ನಗು ನನ್ನದು. ನಾನು ಎಷ್ಟು ಚೆನ್ನಾಗಿ ನಗುತ್ತಿದ್ದೆ ಅಂತ ನನಗೆ ಮರೆತಿತ್ತು.

ಆಮೇಲೆ ಕೂತೆ. ಐದನೆಯದರಲ್ಲಿ ಇವಳು ಎದ್ದು ಬಾಗಿಲ ತನಕ ಹೋಗಿ, ಕೈ ಎತ್ತಿ, ಮತ್ತೆ ಬಂದು ಕೂರುತ್ತಾಳೆ. ಅದನ್ನು ಓದಿ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ರಸ್ತೆ ನೋಡಿದೆ. ಆರನೆಯದನ್ನೂ ಒತ್ತಿದೆ. ಬಾಗಿಲು ಒಳಗಿನಿಂದ ತೆರೆಯಿತು. ಒಳಗಿದ್ದವಳು ತಾನಾಗಿ ಬಂದು ಮೆಟ್ಟಿಲ ಮೇಲೆ ಇವಳ ಪಕ್ಕ ಕೂತಳು. ಅವಳ ಕೈಯಲ್ಲಿ ಒಂದು ಚೀಲವಿತ್ತು.

ಕೂರುವ ದಾರಿ ಎರಡೂ ಭಾಷೆಗೆ ವಾಪಸ್ ಹೋಗುತ್ತದೆ. ನನ್ನ ಎರಡು ಸಾಲು ನಾನೇ ಅಳಿಸಿದೆ. ಅದು ತೀರ್ಮಾನವಾದ ಮಾತು. ಆದರೆ ಅವತ್ತು ನೀನು ತಟ್ಟಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ನಾನು ನಗುತ್ತಿದ್ದೆ, ಟೀ ಮಾಡುತ್ತಿದ್ದೆ, ಎಲ್ಲ ನಿಜ. ಆದರೂ ತಟ್ಟಬೇಕಿತ್ತು. ಎರಡೂ ಒಟ್ಟಿಗೆ ಅನಿಸುತ್ತಿದೆ, ಏನು ಮಾಡಲಿ.

ಈಗ ಕೆಲಸದ ಸುದ್ದಿ. ಇನ್ನೂ ಮೂರು ವಾರ ಬೇಕು ಅಂತ ಮೇಡಂ ಹತ್ತಿರ ಹೋದೆ. “ಬೆರಳೆಣಿಕೆ ಜನಕ್ಕೋಸ್ಕರ ಇಷ್ಟು ಒದ್ದಾಟನಾ?” ಅಂತ ಕೇಳಿದರು. ಓದುವವರು ಒತ್ತಿದ್ದು ಒಂದು, ನಾವು ಕೊಡುತ್ತಿರುವುದು ಇನ್ನೊಂದು, ಅದು ನನ್ನ ತಪ್ಪು, ತಿದ್ದಿಯೇ ಹೊರಗೆ ಬಿಡುತ್ತೇನೆ ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಮೇಡಂ ತಾರೀಖು ಮುಂದೆ ಹಾಕಲಿಲ್ಲ. ಜೂನ್ ಕೊನೆಯೊಳಗೆ ನೀನೇ ಹೇಗಾದರೂ ಹೊಂದಿಸಿಕೋ ಅಂದರು.

ಹೊಂದಿಸಿಕೊಂಡೆ. ಕಂಡಕ್ಟರಿಗೂ ನರ್ಸಮ್ಮನಿಗೂ ಈ ಸಲ ಶೀಟು ಕಳಿಸಲಿಲ್ಲ. ಮೊದಲು ಫೋನಿನಲ್ಲಿ ಎಲ್ಲ ದಾರಿಗಳಲ್ಲೂ ಹೋಗಿ ಬನ್ನಿ, ಆಮೇಲೆ ಬರೆಯಿರಿ ಅಂದೆ. ಕಂಡಕ್ಟರ್ ಡಿಪೋದಿಂದ ಫೋನ್ ಮಾಡಿದ. ಮೂರನೆಯದಕ್ಕೇ ತಟ್ಟಿಬಿಟ್ಟನಂತೆ. “ಪಾತ್ರೆ ಬಿದ್ಮೇಲೆ ಹೆಂಗೆ ಕೂತಿರೋದು ಮೇಡಂ? ನಿಮ್ಮ ಅಕ್ಕಂದು ಗಟ್ಟಿ ಜೀವ” ಅಂದ. ಆಮೇಲೆ ದನಿ ತಗ್ಗಿಸಿ, ಆರು ಸಲ ಬಂದದ್ದನ್ನು ಎಡವಟ್ಟು ಅಂದುಬಿಟ್ಟೆ, ಅವರಿಗೆ ಹೇಳಬೇಡಿ ಅಂದ. ಹೇಳುತ್ತಿದ್ದೇನೆ. ನರ್ಸಮ್ಮ ಒಂದೇ ಸಲಕ್ಕೆ ಕೊನೆಯ ತನಕ ಕೂತಳಂತೆ. ಹೇಗೆ ಅಂತ ಕೇಳಿದರೆ, ಅಭ್ಯಾಸ ಅಂದು ನಕ್ಕಳು.

ಇನ್ನು ಮುಂದೆ ಎಲ್ಲ ಕಥೆಗೂ ಇದೇ ಕ್ರಮ. ಮೊದಲು ಓದು, ಆಮೇಲೆ ಶೀಟು. ಸ್ಕ್ರೂ ಗೊಣಗುತ್ತಿದ್ದಾನೆ. ಗೊಣಗಲಿ.

ಬಿಡುಗಡೆ ಮಾಡಲೋ ಬೇಡವೋ ಅಂತ ನೀನು ಹೇಳಬೇಕು. ನಿನ್ನ ಒಪ್ಪಿಗೆ ಇಲ್ಲದೆ ಒಂದು ಸಾಲೂ ಆಚೆ ಹೋಗುವುದಿಲ್ಲ.

ಆರನೆಯ ಸಲದ ತನಕ ಬಂದ,
ನಿನ್ನ ತಂಗಿ


ಜೂನ್ ೯

ಗಿಣಿ,

ಬಿಡು. ಏಳೂ ಬಿಡು.

ಕಂಡಕ್ಟರಿಗೆ ನನಗೆ ಸಿಟ್ಟಿಲ್ಲ ಅಂತ ಹೇಳು. ಮೂರನೆಯದಕ್ಕೆ ತಟ್ಟಿದವನ ಮನೆಯಲ್ಲಿ ಹೆಂಗಸರು ಸುಖವಾಗಿರುತ್ತಾರೆ.

ನೀನು ಎರಡೂ ಒಟ್ಟಿಗೆ ಅನಿಸುತ್ತದೆ ಅಂತ ಬರೆದೆ. ನನಗೂ ಹಾಗೇ. ಆ ದಿನ ಕೆಳಗೆ ಇಳಿದು ರಸ್ತೆ ದಾಟಿ ಎದುರು ಅಂಗಡಿಯ ಪಕ್ಕ ನಿಂತಿದ್ದೆ. ನಿನ್ನ ಕಿಟಕಿಯಲ್ಲಿ ದೀಪ ಹತ್ತಿ, ನೀನು ಓಡಾಡುವುದು ಕಂಡ ಮೇಲೆ ಮನೆಗೆ ಹೋದೆ. ತಟ್ಟಿದರೆ ನೀನು ನಕ್ಕುಬಿಡುತ್ತೀಯ, ನಕ್ಕ ಮೇಲೆ ಅಲ್ಲೇ ಉಳಿದುಬಿಡುತ್ತೀಯ ಅಂತ ನನಗೆ ಭಯವಿತ್ತು. ಅದು ಸರಿಯೋ ತಪ್ಪೋ ಗೊತ್ತಾಗದೆಯೇ ಕಥೆ ಬರೆದೆ. ಬರೆದ ಮೇಲೂ ಗೊತ್ತಾಗಲಿಲ್ಲ. ಅದಕ್ಕೇ ಪ್ರತಿ ಸಲವೂ ಎರಡು ಬಟನ್ ಇಟ್ಟೆ.

ಕಥೆಯಲ್ಲಿ ಬಾಗಿಲು ಒಳಗಿನಿಂದ ತೆರೆಯುವುದು ಮಾತ್ರ ನನ್ನ ಆಸೆ. ಒಳಗೆ ಏನಿತ್ತು ಅಂತ ನನಗೆ ಗೊತ್ತಿಲ್ಲ. ನಾನು ಬರೆದದ್ದು ಮೆಟ್ಟಿಲಿನದ್ದು. ಒಳಗಿನದ್ದನ್ನು ನೀನು ಬರೆ. ಬೇರೆಯವರ ಮಾತು ಹೊತ್ತದ್ದು ಸಾಕು ಅಂತಲ್ಲ, ಅದನ್ನೂ ಮಾಡು, ಚೆನ್ನಾಗಿ ಮಾಡುತ್ತೀಯ. ಇದನ್ನೂ ಮಾಡು. ನನ್ನ ಕಥೆಗೆ ಎರಡು ಸಾಲು ಸೇರಿಸಲು ನಿನಗೆ ಯಾರನ್ನೂ ಕೇಳಬೇ‌ಕು ಅನಿಸಲಿಲ್ಲ. ಈಗ ನಾನೇ ಕೇಳುತ್ತಿದ್ದೇನೆ.

ನಿನ್ನ ಭಾವ ಹುಷಾರಾಗಿದ್ದಾರೆ. ಮಾಸ್ತರರು ಬೇರೆ ಅಂಗಡಿ ನೋಡುತ್ತೇನೆ ಅಂತ ಹೆದರಿಸಿ ಮತ್ತೆ ಇಲ್ಲಿಗೇ ಬಂದರು.

ಇವತ್ತಿಗೆ ಮಾತು ಮುಗಿಸಿ ಇಸ್ತ್ರಿ ಕಾಯಿಸಲು ಹೊರಟ,
ಅಕ್ಕ


ಜುಲೈ ೬

ಅಕ್ಕಾ,

ಏಳು ಭಾಷೆಗಳಲ್ಲೂ ಒಂದೇ ದಿನ ಬಂತು. ಮೇಡಂ ಟೇಬಲ್ಲಿನ ಮೇಲೆ ಏಳು ಫೋನ್ ಸಾಲಾಗಿ ಇಟ್ಟು ಎಲ್ಲದರಲ್ಲೂ ತೆರೆದು ತೋರಿಸಿದರು. ಎಷ್ಟು ಜನ ಕೂತರು ಅಂತ ನಿನಗೆ ಕುತೂಹಲ ಇರುತ್ತದೆ. ಹೆಚ್ಚಾಗಿಲ್ಲ. ಎಲ್ಲ ಭಾಷೆಯಲ್ಲೂ ತಟ್ಟುವವರೇ ಜಾಸ್ತಿ. ಆದರೆ ಕೂತವರು ಕೊನೆಯ ತನಕ ಕೂರುತ್ತಿದ್ದಾರೆ. ಕೂತ ಮೇಲೆ ಮಧ್ಯದಲ್ಲಿ ಬಿಟ್ಟು ಹೋದವರು ಕಡಿಮೆ. ಮುಂದಿನ ಕಥೆಯ ಹೊಣೆಯನ್ನೂ ಮೇಡಂ ನನಗೇ ಕೊಟ್ಟಿದ್ದಾರೆ, ಒಂಬತ್ತು ಭಾಷೆ.

ನೀನು ಕೇಳಿದ್ದನ್ನು ಶುರು ಮಾಡಿದೆ. ಮೂರು ಸಲ ಬರೆದು ಅಳಿಸಿದೆ. ಮೊದಲೆರಡು ಸಲ ಎಲ್ಲ ತಪ್ಪೂ ಅವನದು ಅಂತ ಬರೆದೆ. ಅದು ಸತ್ಯವೇ, ಆದರೆ ಹಾಗೆ ಬರೆದರೆ ಓದುವವರಿಗೆ ಒತ್ತಲು ಏನೂ ಉಳಿಯುವುದಿಲ್ಲ. ಕಥೆ ನಿಂತು ಏನನ್ನಾದರೂ ಕೇಳಬೇಕಲ್ಲ. ಒಳಗಿದ್ದವಳನ್ನು ಏನು ಕೇಳುವುದು ಅಂತ ಹುಡುಕುತ್ತಾ ಹುಡುಕುತ್ತಾ ನಿನ್ನೆ ಇಲ್ಲಿಗೆ ಬಂದು ನಿಂತೆ. ನಿನಗೇ ಮೊದಲು ಕಳಿಸುತ್ತಿದ್ದೇನೆ. ಇಷ್ಟೇ ಆಗಿದೆ:

‘ನೀನು ನೆಲದ ಮೇಲೆ ಬಿದ್ದಿದ್ದೀಯ. ಅವನು ಅಡುಗೆಮನೆಗೆ ನೀರು ಕುಡಿಯಲು ಹೋಗಿದ್ದಾನೆ. ಬಾಗಿಲ ಕೆಳಗಿನ ಸಂದಿಯಲ್ಲಿ ಒಂದು ಜೊತೆ ಚಪ್ಪಲಿ ಕಾಣುತ್ತದೆ. ಯಾರದ್ದು ಅಂತ ನಿನಗೆ ಗೊತ್ತು. ಚಿಲಕ ನಿನ್ನ ಕೈಗೆ ಎಟುಕುವಷ್ಟು ದೂರದಲ್ಲಿದೆ. ಈಗ ಏನು ಮಾಡುತ್ತೀಯ?

ಚಿಲಕ ತೆಗೆ.
ಕರೆ.
ಅವಳು ತಟ್ಟಲಿ ಅಂತ ಕಾದಿರು.’

ಗಿಣಿ